ಅಮಾವಾಸ್ಯೆ ಮರೆತ ಕೋರಿಲೇಷನ್

2022ರಲ್ಲಿ ನಾನು ಸಿಂಧನೂರಿನ ಒಂದು ಭತ್ತ ಖರೀದಿ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ನಮ್ಮ ಖರೀದಿ ಕೇಂದ್ರಗಳಿದ್ದವು. ಭತ್ತದ ತೇವಾಂಶ ಕಡಿಮೆಯಿದ್ದರೆ ದರ ಹೆಚ್ಚು. ಮಸ್ಕಿಯಲ್ಲಿ ತೇವಾಂಶದ ಮೀಟರ್ ಹಿಡಿಯುತ್ತಿದ್ದವರು ಶಕುಂತಲಾ.

ಒಂದು ಶನಿವಾರ ಮ್ಯಾನೇಜರ್ ಹೆಡ್ ಆಫೀಸಿನ ವರದಿಯೊಂದನ್ನು ನನ್ನ ಟೇಬಲ್ ಮೇಲೆ ಎಸೆದರು. ಮಸ್ಕಿಯ ಒಬ್ಬ ವ್ಯಾಪಾರಿಯ ಮಾಲು ಹೆಚ್ಚಾದಾಗಲೆಲ್ಲ ಶಕುಂತಲಾ ತೇವಾಂಶ ಕಡಿಮೆ ಬರೆಯುತ್ತಾರೆ, ಇಬ್ಬರೂ ಶಾಮೀಲಾಗಿದ್ದಾರೆ ಎಂಬುದು ಅದರ ಸಾರ. ಅಷ್ಟರಲ್ಲಾಗಲೇ ಮ್ಯಾನೇಜರ್ ಮಸ್ಕಿಗೆ ಹೋಗಿ, ಹಮಾಲರ ಎದುರೇ ಆಕೆಯನ್ನು ಕಳ್ಳಿ ಎಂದು ಬೈದು ಬಂದಿದ್ದರು.

"ಪರಿಶೀಲಿಸೀನಿ ಅಂತ ಸಹಿ ಹಾಕ್ರಿ. ಸೋಮವಾರ ಆಕಿನ್ನ ಕೆಲಸದಿಂದ ತೆಗೀಬೇಕು."

"ಪರಿಶೀಲಿಸದ ಹಾಕಂಗಿಲ್ರಿ ಸರ್," ಎಂದೆ. ನನಗೆ ಮೈ ಉರಿದುಹೋಗಿತ್ತು.

ಕೋರಿಲೇಷನ್ ಎಂದರೆ ಎರಡು ಸಂಖ್ಯೆಗಳು ಎಷ್ಟರಮಟ್ಟಿಗೆ ಒಂದಕ್ಕೊಂದು ಹೊಂದಿಕೊಂಡು ಏರಿಳಿಯುತ್ತವೆ ಎಂಬ ಲೆಕ್ಕ. ಒಂದು ಏರಿದಂತೆ ಇನ್ನೊಂದು ತಪ್ಪದೆ ಇಳಿದರೆ ಉತ್ತರ ಮೈನಸ್ ಒಂದರ ಹತ್ತಿರ, ಸಂಬಂಧವೇ ಇಲ್ಲದಿದ್ದರೆ ಸೊನ್ನೆಯ ಹತ್ತಿರ. ಏಳು ದಿನದ ಲೆಕ್ಕ ತೆಗೆದು, ಒಂದು ದಿನ ಮುಂದೆ ಸರಿದು, ಮತ್ತೆ ಏಳು ದಿನದ್ದು ತೆಗೆದರೆ ಅದು ಮೂವಿಂಗ್ ವಿಂಡೋ. ವರದಿಯಲ್ಲಿ ಎಲ್ಲಿ ಕೈಯಿಟ್ಟರೂ ಮೈನಸ್ 0.9.

ಇಷ್ಟು ಚೊಕ್ಕ ಉತ್ತರ ಬಂದರೆ ನನಗೆ ಅನುಮಾನ. ಆ ಲೆಕ್ಕ ಮಾಡಿದ ಕಂಪ್ಯೂಟರ್ ಸ್ಕ್ರಿಪ್ಟ್ ತೆರೆದೆ. ಬರೆದ ಮಹಾಶಯರು ಮೊದಲು ಪ್ರತಿದಿನದ ಟಾಪ್ ಹತ್ತು ಮಾರಾಟಗಾರರನ್ನು ಮಾತ್ರ ಉಳಿಸಿಕೊಂಡು, ಮಿಕ್ಕ ಸಾಲುಗಳನ್ನು ಬಿಸಾಕಿ, ಆಮೇಲೆ ಏಳೇಳು ಸಾಲಿನ ವಿಂಡೋ ಓಡಿಸಿದ್ದರು. ಆ ವ್ಯಾಪಾರಿ ಹೆಚ್ಚುಕಡಿಮೆ ದಿನಾ ಮಾಲು ತಂದರೂ ಟಾಪ್ ಹತ್ತರೊಳಗೆ ಬರುತ್ತಿದ್ದದ್ದು ವಾರಕ್ಕೆ ಒಂದೋ ಎರಡೋ ಸಲ. ಹಾಗಾಗಿ ಅವನ ಏಳು ಸಾಲು ಏಳು ದಿನವಾಗದೆ ತಿಂಗಳಿಗೂ ಮಿಕ್ಕಿ ಹರಡಿಕೊಂಡಿತ್ತು.

ಪ್ರತಿ ವಿಂಡೋದಲ್ಲೂ ಒಂದೆರಡು ದಿನ ಮಾತ್ರ ಮಾಲು ವಿಪರೀತ, ತೇವಾಂಶ ತೀರಾ ಕಡಿಮೆ. ಆ ದಿನಗಳೇ ಇಡೀ ಉತ್ತರವನ್ನು ತಮ್ಮ ಕಡೆ ಎಳೆದುಕೊಂಡಿದ್ದವು. ತಾರೀಖು ನೋಡಿದರೆ ಎಲ್ಲವೂ ಅಮಾವಾಸ್ಯೆಯ ಮರುದಿನ. ಅಮಾವಾಸ್ಯೆಯ ದಿನ ಅವನ ಹೆಸರಿನ ಸಾಲೇ ಇರಲಿಲ್ಲ; ಅಂದು ಅವನು ಲಾರಿ ಲೋಡ್ ಮಾಡಿಸುವುದಿಲ್ಲ. ಆ ಮಾಲು ಕಣದಲ್ಲಿ ಇನ್ನೊಂದು ದಿನ ಒಣಗಿ, ಮರುದಿನ ಎರಡು ದಿನದ್ದೂ ಒಟ್ಟಿಗೆ ಬರುತ್ತದೆ. ಹೆಡ್ ಆಫೀಸಿನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯೇ ಇರಲಿಲ್ಲವೇನೋ.

ಎಲ್ಲ ದಿನಗಳ ಮೇಲೆ ಮೊದಲು ವಿಂಡೋ ಓಡಿಸಿ, ಆಮೇಲೆ ಟಾಪ್ ಹತ್ತು ಆರಿಸಿದೆ. ಅಮಾವಾಸ್ಯೆ ಬಾರದ ವಾರಗಳಲ್ಲೆಲ್ಲ ಉತ್ತರ ಸೊನ್ನೆಯ ಆಸುಪಾಸು. ಶಕುಂತಲಾ ರಜೆಯಲ್ಲಿದ್ದ ಒಂದು ಅಮಾವಾಸ್ಯೆಯ ಮರುದಿನ ಬೇರೆಯವರು ಮೀಟರ್ ಹಿಡಿದಿದ್ದರು. ಅಂದೂ ಮಾಲು ಒಣಗಿಯೇ ಬಂದಿತ್ತು.

ಸೋಮವಾರ ಬೆಳಿಗ್ಗೆ ಇದನ್ನೆಲ್ಲ ಮ್ಯಾನೇಜರ್ ಮುಂದಿಟ್ಟೆ. "ಆತು ಬಿಡ್ರಿ. ಆಕಿ ಕೆಲಸ ಆಕಿಗಿರಲಿ, ವಿಷಯ ಇಲ್ಲೇ ಮುಗಿಸ್ರಿ," ಎಂದರು. ಶಕುಂತಲಾಗೆ ಫೋನ್ ಮಾಡಿ, ಕೆಲಸ ಉಳಿಯಿತು ಎಂದೆ. ಆಕೆಗೆ ಅದು ಸಾಲಲಿಲ್ಲ.

"ಕಳ್ಳಿ ಅಂದದ್ದು ಹಮಾಲರ ಮುಂದರೀ. ಅಲ್ಲ ಅನ್ನೂದೂ ಅವರ ಮುಂದನ ಆಗ್ಲಿ. ಅಲ್ಲೀತನ ನಾ ಮೀಟರ್ ಮುಟ್ಟಂಗಿಲ್ಲ."

ಒಂದಕ್ಷರ ಬಿಡದೆ ಮ್ಯಾನೇಜರಿಗೆ ಮುಟ್ಟಿಸಿದೆ; ನಿಜ ಹೇಳಬೇಕೆಂದರೆ ಖುಷಿಯಿಂದಲೇ ಮುಟ್ಟಿಸಿದೆ. ಮೀಟರ್ ಹಿಡಿಯುವವರಿಲ್ಲದೆ ಮಸ್ಕಿಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಮಧ್ಯಾಹ್ನ ಮ್ಯಾನೇಜರ್ ಅಲ್ಲಿಗೆ ಹೋಗಿ, ಹಮಾಲರನ್ನು ಕರೆದು, ತಪ್ಪು ಕಂಪನಿಯ ಲೆಕ್ಕದ್ದು, ಶಕುಂತಲಾ ಅವರದ್ದಲ್ಲ ಎಂದು ಹೇಳಬೇಕಾಯಿತು.

ಸ್ಕ್ರಿಪ್ಟ್ ತಿದ್ದುವುದು ನನಗೆ ಕಷ್ಟವಾಗಿರಲಿಲ್ಲ. ಆದರೆ ಆಕೆಯ ಹೆಸರು ಅದರಿಂದ ಸರಿಹೋಗಿರಲಿಲ್ಲ. ತಪ್ಪು ಲೆಕ್ಕವನ್ನು ಯಾರ ಎದುರು ಹೇಳಿದ್ದರೋ ಅವರ ಎದುರೇ ಸರಿ ಲೆಕ್ಕವನ್ನೂ ಹೇಳುವವರೆಗೆ ಈಗ ನಾನು ಯಾವ ಕೆಲಸವನ್ನೂ ಮುಗಿಯಿತು ಎನ್ನುವುದಿಲ್ಲ.