ಬೀಡ್‌ಲಾಕ್ ಚಕ್ರ ಮತ್ತು ಅವನ ಕೈಗುಣ

ನಾನು ಸಿಟ್ಟಿನ ಮನುಷ್ಯ. ಶಿರಾಳಕೊಪ್ಪದ ನನ್ನ ಲೇತ್ ಅಂಗಡಿಗೆ ಬರೋರಿಗೆಲ್ಲ ಅದು ಗೊತ್ತು. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿ, ಇವತ್ತು ಮಾತಾಡಿಸಬಹುದೋ ಇಲ್ಲವೋ ಅಂತ ಅಳೆದು ಒಳಗೆ ಬರ್ತಾರೆ. ಬೈದರೆ ತಡ್ಕೋತೀನಿ. ನಕ್ಕರೆ ಮಾತ್ರ ಮೈಯೆಲ್ಲ ಉರಿಯುತ್ತೆ.

ಆ ಮಳೆಗಾಲ ಕುಬಟೂರಿನ ಕಡೆ ಒಂದು ಬಯಲಲ್ಲಿ ಜೀಪಿನವರು ಹತ್ತು ಹನ್ನೆರಡು ಜನ ಕೆಸರಿಗೆ ಇಳಿದಿದ್ವಿ. ಕೆಸರಲ್ಲಿ ಹಿಡಿತ ಬೇಕಂದ್ರೆ ಟಯರಿನ ಗಾಳಿ ಅರ್ಧಕ್ಕಿಂತ ಕೆಳಗೆ ಇಳಿಸಬೇಕು. ಇಳಿಸಿದ್ರೆ ಟಯರು ರಿಮ್ಮಿನಿಂದ ಕಳಚಿಕೊಳ್ಳುತ್ತೆ. ನಂದು ಕಳಚಿಕೊಂಡಿತು, ಅದೂ ನಟ್ಟನಡುವೆ. ಮೊಣಕಾಲುದ್ದ ಕೆಸರಲ್ಲಿ ಜಾಕಿ ಹಿಡಿದು ನಿಂತಿದ್ದೆ. ದಂಡೆ ಮೇಲಿದ್ದೋರು ಹೊಟ್ಟೆ ಹಿಡ್ಕೊಂಡು ನಕ್ಕರು, ಫೋನಲ್ಲಿ ವಿಡಿಯೋ ತೆಗೆದರು. ಊರು ಮುಟ್ಟೋದರೊಳಗೆ ಅದು ನನಗಿಂತ ಮೊದಲೇ ಮನೆಗೆ ಬಂದು ಕೂತಿತ್ತು.

ಇದಕ್ಕೆ ಪರಿಹಾರ ಅಂದ್ರೆ ಬೀಡ್‌ಲಾಕ್ ಚಕ್ರ. ರಿಮ್ಮಿನ ಹೊರಬಾಯಿಗೆ ಒಂದು ಕಬ್ಬಿಣದ ಬಳೆ ಬೆಸೀಬೇಕು. ಟಯರಿನ ಅಂಚನ್ನು ಅದರ ಮೇಲೆ ಕೂರಿಸಿ, ಇನ್ನೊಂದು ಬಳೆ ಮುಚ್ಚಿ, ಸುತ್ತಲೂ ಇಪ್ಪತ್ನಾಲ್ಕು ಬೋಲ್ಟ್ ಬಿಗಿದರೆ ಟಯರು ಇಕ್ಕಳಕ್ಕೆ ಸಿಕ್ಕಂಗೆ ಕೂರುತ್ತೆ. ಸಿದ್ಧವಾಗಿಯೂ ಸಿಗುತ್ತವೆ. ಆದರೆ ಲೇತ್ ಇಟ್ಕೊಂಡು ಕೊಂಡು ತರೋದಾ ಅಂತ ನನ್ನ ಅಹಂಕಾರ.

ಬಳೆ ನಾನು ಕಡೆದೆ. ಬೆಸೆದದ್ದು ಪಕ್ಕದ ಶೆಡ್ಡಿನ ವೆಲ್ಡರ್. ಸೊರಬದ ಕಡೆಯವನು, ಐಟಿಐಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತೋನು. ಮಾತು ಕಮ್ಮಿ, ಕೆಲಸ ನಿಧಾನ. ಸುತ್ತ ಒಂದೇ ಸಲ ಬೆಸೆದರೆ ರಿಮ್ಮು ಸೊಟ್ಟ ಆಗುತ್ತೆ ಅಂತ, ಇಲ್ಲೊಂದು ಇಂಚು, ಅದರ ಎದುರಿಗೊಂದು ಇಂಚು ಬೆಸೆದು, ಆರೋವರೆಗೆ ಕೂತು ಕಾಯೋನು. "ಮದುಮಗಳಿಗೆ ಮೆಹಂದಿ ಹಾಕ್ತಿದೀಯೇನಲೇ?" ಅಂತ ಗಿರಾಕಿಗಳ ಮುಂದೆ ಆಡಿಕೊಳ್ತಿದ್ದೆ. "ಆಗ್ತದೆ ಮಾರಾಯ" ಅನ್ನೋನು, ಅಷ್ಟೇ. ಅವನ ಆ ತಾಳ್ಮೆಯೇ ನನಗೆ ಆಗ್ತಿರಲಿಲ್ಲ.

ನಾಲ್ಕೂ ಚಕ್ರ ಮುಗಿದು ಜೀಪಿಗೆ ಏರಿದ್ದು ಆಯುಧಪೂಜೆಯ ಹಿಂದಿನ ದಿನ. ಮಾರನೇ ದಿನ ಅಂಗಡಿ ತೊಳೆದು, ಬೋಲ್ಟ್ ಬಿಗಿಯೋ ಪಾನ, ಸುತ್ತಿಗೆ, ಡ್ರಿಲ್ಲು ಎಲ್ಲ ದೇವಿ ಪಟದ ಮುಂದೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ವಿ. ಅವನ ಸಾಮಾನೂ ಅವನ ಶೆಡ್ಡಲ್ಲಿ ಹಂಗೇ ಪೂಜೆಗೆ ಕೂತಿತ್ತು. ಜೀಪಿಗೆ ಬಾಳೆಕಂದು ಕಟ್ಟಿ, ನಿಂಬೆಹಣ್ಣಿನ ಮೇಲೆ ಹಾಯಿಸಿ, ಶಿಕಾರಿಪುರದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ.

ಇಳಿಯುವಾಗ ಅವನು ಚಕ್ರದ ಹತ್ತಿರ ಕೂತು ಬೆರಳಲ್ಲಿ ಬೋಲ್ಟ್ ತಿರುಗಿಸಿ ನೋಡ್ತಿದ್ದ. "ಮೊದಲ ಓಟಕ್ಕೆ ರಬ್ಬರ್ ಕೂರ್ತದೆ. ಎಲ್ಲ ಇನ್ನೊಂದು ಸಲ ಬಿಗೀಬೇಕು" ಅಂದ. ನನಗೂ ಗೊತ್ತಿತ್ತು. ಆದರೆ ಪೂಜೆಗಿಟ್ಟ ಪಾನ ಆ ದಿನ ಎತ್ತೋ ಹಂಗಿಲ್ಲ. ವಿಜಯದಶಮಿಗೇ ಎತ್ತೋದು.

"ಹಂಗಾದ್ರೆ ಇವತ್ತು ಗಾಡಿ ನಿಲ್ಲಿಸು. ಕೆಸರಿಗೆ ಬೇಡ" ಅಂದ.

ಮಧ್ಯಾಹ್ನ ಅದೇ ಬಯಲಿಗೆ ಎಲ್ಲರನ್ನೂ ಕರೆದಿದ್ದೆ. ನಕ್ಕೋರನ್ನೆಲ್ಲ ಹೆಸರು ಹಿಡಿದು ಕರೆದಿದ್ದೆ. ಆಗಲ್ಲ ಅಂದೆ. ಅವನು ಎದ್ದು, ಪಟಕ್ಕೆ ಕೈ ಮುಗಿದು, "ತಪ್ಪು ನನಗಿರಲಿ" ಅಂತ ಪಾನಕ್ಕೆ ಕೈ ಚಾಚಿದ.

ಅವನ ಕೈ ಮೇಲೆ ಹೊಡೆದೆ. ಛಟೀರ್ ಅಂತ ಶಬ್ದ ಬಂತು. "ಪೂಜೆಗಿಟ್ಟಿದ್ದು ಮುಟ್ಟಬೇಡ" ಅಂದೆ. ಅದು ಭಕ್ತಿ ಅಲ್ಲ, ನನ್ನ ಹೆಂಡತಿ ಮತ್ತು ನಾಲ್ಕು ಜನ ಗಿರಾಕಿಗಳ ಎದುರು ಅವನು ನನಗೆ ಪಾಠ ಹೇಳಿದ್ದನ್ನ ತಡ್ಕೊಳ್ಳೋಕಾಗಲಿಲ್ಲ. ಅವನು ಕೈ ಉಜ್ಜಿಕೊಂಡು ಹಿಂದೆ ಸರಿದ. ಆಮೇಲೆ ತಾನಾಗಿಯೇ ಜೀಪಿನ ಹಿಂದೆ ಹತ್ತಿ ಕೂತ.

ಬಯಲಲ್ಲಿ ಎರಡು ಸುತ್ತು ಚೆನ್ನಾಗಿಯೇ ಹೋಯ್ತು. ಮೂರನೆಯದಕ್ಕೆ ಮುಂದಿನ ಎಡಚಕ್ರ ಕಟಕಟ ಅಂದು, ಗಾಳಿ ಬುಸ್ ಅಂತ ಹೋಗಿ, ಜೀಪು ಮೂತಿ ಊರಿ ಕೂತಿತು. ಬಳೆ ಒಂದು ಕಡೆ ಬಾಯಿ ಬಿಟ್ಟಿತ್ತು. ಯಾರಿಗೂ ಒಂದು ಗೀರೂ ಆಗಲಿಲ್ಲ. ದಂಡೆ ಮೇಲೆ ಮತ್ತೆ ಅದೇ ನಗು. "ಏನ್ರೀ, ನೀವೇ ಮಾಡಿದ್ದು ಅಂದ್ರಲ್ಲ?" ಅಂದ ಒಬ್ಬ.

"ಬಳೆ ನಂದು ಸರಿ ಇತ್ತು. ವೆಲ್ಡಿಂಗ್ ಇವನದು. ಇವನ ಕೈಗುಣವೇ ಸರಿ ಇಲ್ಲ" ಅಂದೆ.

ಅವನು ಆಗ ಸೊಂಟದವರೆಗೆ ಕೆಸರಾಗಿ, ನನ್ನ ಜೀಪಿನ ಕೊಕ್ಕೆಗೆ ಹಗ್ಗ ಕಟ್ತಿದ್ದ. ತಲೆ ಎತ್ತಿ ನೋಡಿದ, ಮತ್ತೆ ಗಂಟು ಬಿಗಿದ.

ನಮ್ಮ ಕಡೆ ಕೆಲಸ ಕೆಟ್ಟಿತು ಅಂದ್ರೆ ಜನ ಬೈದು ಇನ್ನೊಂದು ಸಲ ಮಾಡಿಸ್ಕೋತಾರೆ. ಕೈಗುಣ ಕೆಟ್ಟದ್ದು ಅಂದ್ರೆ ಮುಗೀತು. ಅವನು ಮುಟ್ಟಿದ್ದು ಏಳಿಗೆ ಆಗಲ್ಲ ಅಂತ ಅರ್ಥ. ಆ ಮಾತು ಮುಂದಿನ ಸಂತೆ ಹೊತ್ತಿಗೆ ಊರೆಲ್ಲ ಸುತ್ತಿತ್ತು. ಗೃಹಪ್ರವೇಶಕ್ಕೆ ಗೇಟು ಹೇಳಿದ್ದೋರು ಬಂದು, ಕಬ್ಬಿಣ ಕತ್ತರಿಸಿದ್ದರೂ ಬೇಡ ಅಂದರು. ಹೊಸ ಟ್ರೇಲರ್ ಬೆಸೆಸೋರು ಅವನ ಶೆಡ್ಡು ದಾಟಿ ಮುಂದೆ ಹೋದರು. ಅವನು ಬಾಗಿಲಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿರೋನು. ನಾನು ನನ್ನ ಲೇತಿನ ಸದ್ದು ಜೋರು ಮಾಡ್ಕೊಂಡು ಕೆಲಸ ಮಾಡ್ತಿದ್ದೆ.

ವಿಜಯದಶಮಿ ದಿನವೇ ಪಾನ ಎತ್ತಿ ಆ ಚಕ್ರ ಬಿಚ್ಚಿದ್ದೆ. ಅವನ ಬೆಸುಗೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಬೋಲ್ಟುಗಳು ಸಡಿಲವಾಗಿ, ಅವುಗಳಲ್ಲಿ ಆರು ಮುರಿದಿದ್ವು. ಹೊಸವು ಹಾಕಿ, ಬಿಗಿದು, ಓಡಿಸಿ, ಮತ್ತೆ ಬಿಗಿದೆ. ಅಲ್ಲಿಂದ ಇಲ್ಲಿಯವರೆಗೆ ಆ ಚಕ್ರ ಒಂದು ದಿನವೂ ಕೈ ಕೊಟ್ಟಿಲ್ಲ. ಯಾರು ಮಾಡಿದ್ದು ಅಂತ ಕೇಳಿದ್ರೆ ನಾನೇ ಅಂತೀನಿ.

ಬೇಸಿಗೆಗೆ ಅವನು ಶೆಡ್ಡು ಖಾಲಿ ಮಾಡಿ ಊರಿಗೆ ಹೋದ. ಅದಾದ ಮೇಲೆ ನನಗೆ ಊಟ ಸೇರಲಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಸೇರ್ತಿತ್ತು. ಆದರೂ ಒಂದು ಭಾನುವಾರ ಸೊರಬ ದಾಟಿ ಅವನ ಮನೆಗೆ ಹೋದೆ. ಮನೆ ಹಿಂದಿನ ತೋಟದಲ್ಲಿ ಅವನ ತಂಗಿ ಅಡಿಕೆ ಸಸಿ ನೆಡಿಸ್ತಿದ್ದಳು. ಇವನು ಸಸಿಗಳ ಬುಟ್ಟಿ ಹೊತ್ತು ತಂದು ಗುಂಡಿ ಪಕ್ಕ ಇಟ್ಟು ದೂರ ನಿಲ್ಲೋನು. ಮಣ್ಣಿಗೆ ಇಳಿಸೋದು ಬೇರೆಯವರು.

ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಬೆಸುಗೆ ಬಿಟ್ಟಿರಲಿಲ್ಲ, ಬೋಲ್ಟು ಸಡಿಲ ಇತ್ತು, ನೀನು ಹೇಳಿದ್ದೇ ಸರಿ ಅಂದೆ. ಬೈತಾನೆ, ಹೊಡೀತಾನೆ ಅಂತ ತಯಾರಾಗಿ ನಿಂತಿದ್ದೆ.

"ಇರಬಹುದು ಮಾರಾಯ" ಅಂದ. "ಆದರೂ ಯಾಕೆ ಸುಮ್ಮನೆ ಸಸಿ ಮುಟ್ಟೋದು. ಆ ಚಕ್ರಕ್ಕೆ ಕೈ ಹಾಕಿದ್ದು ನಾನೇ ಅಲ್ವಾ."

ತಮಾಷೆ ಮಾಡ್ತಿರಲಿಲ್ಲ, ಚುಚ್ಚುತ್ತಲೂ ಇರಲಿಲ್ಲ. ನನಗೆ ಕಾಫಿ ತರಿಸಿದ. ಲೋಟ ತಂದ ತಂಗಿಗೆ, ನೀನೇ ಕೊಡು ಅಂದ.

ಮುಂದಿನ ಸಂತೆ ದಿನ ನನ್ನ ಅಂಗಡಿ ತುಂಬ ಜನ ಇದ್ದರು. ಹೊಸಬನೊಬ್ಬ ಜೀಪಿನ ಚಕ್ರ ತಟ್ಟಿ, "ಬೆಸುಗೆ ಭಾರಿ ಐತಲ್ರೀ, ಯಾರದು?" ಅಂದ. ನನ್ನದೇ ಅಂದೆ.