ಎರಡರಲ್ಲಿ ಓಡುವುದು ಒಂದು

ತಿಥಿಯ ಊಟ ಮುಗಿಸಿ ಕೈ ತೊಳೆದ ಧರ್ಮೇಶ್ ನೆಟ್ಟಗೆ ಶೆಡ್ಡಿಗೆ ಹೋಗಿ ಕಾರಿನ ಬಾನೆಟ್ ಎತ್ತಿದ. ಯಮುನಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಅವಳ ಗಂಡ ತೀರ್ಥಪ್ರಸಾದ್ ಬದುಕಿದ್ದಾಗ ಬೇರೆಯವರ ತಿಥಿಯಲ್ಲಿ ಮಾಡುತ್ತಿದ್ದುದೂ ಇದನ್ನೇ.

ಮಾದಾಪುರದ ಆಚೆ ಅವರದ್ದು ಸ್ವಲ್ಪ ಕಾಫಿ, ಒಂದಿಷ್ಟು ಕೋಳಿ. ಅಂಗಡಿಗಳಿಗೆ ಮೊಟ್ಟೆ ಹಾಕಲೆಂದು ಹಳೇ ಕಾರು ಕೊಂಡಿದ್ದರು. ಕೊಂಡ ಮೇಲೆ ಕಾರಿನ ಕಂಪನಿ ಈ ದೇಶದ ವ್ಯಾಪಾರ ಸಾಕೆಂದು ಹೊರಟುಹೋಯಿತು. ಪಾರ್ಟ್ಸಿಗೆ ಏನೂ ತೊಂದರೆಯಿಲ್ಲ ಎಂದು ಹೇಳಿಯೇ ಹೋಯಿತು. ಆಮೇಲೆ ಮೈಸೂರಿನ ಸರ್ವಿಸ್ ಸೆಂಟರ್ ಇದ್ದ ಕಡೆ ಟೈಲ್ಸ್ ಅಂಗಡಿ ಬಂತು. ಕಂಪನಿಯ ನಂಬರಿಗೆ ಫೋನ್ ಮಾಡಿದರೆ ನಿಮ್ಮ ಕರೆ ನಮಗೆ ಮುಖ್ಯ ಎಂದು ಒಬ್ಬ ಹೆಂಗಸು ಹೇಳುತ್ತಿದ್ದಳು. ಕೊನೆಗೆ ಅವಳೂ ನಿಂತಳು.

ಅಲ್ಲಿಂದ ತೀರ್ಥಪ್ರಸಾದ್ ಅಂಥದೇ ಕಾರು ಜಿಲ್ಲೆಯಲ್ಲಿ ಯಾರ ಯಾರ ಮನೆಯಲ್ಲಿದೆ ಎಂದು ತಿಳಿದಿಟ್ಟುಕೊಂಡ. ಕುಶಾಲನಗರದ ಧರ್ಮೇಶನ ಮನೆಯಲ್ಲೂ ಒಂದಿತ್ತು. ಕಾರು ಕೆಟ್ಟರೆ ಫೋನಿನಲ್ಲಿ ವಿಚಾರಿಸುತ್ತಿದ್ದ. ಮಾಲೀಕ ಸತ್ತರೆ ಖುದ್ದಾಗಿ ಹೋಗುತ್ತಿದ್ದ. ತಿತಿಮತಿಯ ಸಾವಿನ ಮನೆಯಿಂದ ವೈಪರ್ ಮೋಟರು ಬಂತು, ನೆಲ್ಯಹುದಿಕೇರಿಯ ಸಾವಿನ ಮನೆಯಿಂದ ಹಿಂದಿನ ಬಾಗಿಲು.

"ಸಾವಿನ ಮನೆಯಿಂದ ಯಾರಾದ್ರೂ ಏನಾದ್ರೂ ತರ್ತಾರಾ?" ಎಂದು ಯಮುನಾ ಕೇಳಿದ್ದಳು.

"ಹೋಗಿ ಬರ್ತೇನೆ ಅಂತ ಹೇಳ್ಬಾರ್ದು, ಅಷ್ಟೆ. ನಾನು ಹೇಳ್ಲಿಲ್ಲ."

ಸ್ನಾನ ಮಾಡದೆ ಅವನನ್ನು ಒಳಗೆ ಬಿಡಲಿಲ್ಲ. ಅವನು ತಂದ ಬಾಗಿಲಿನ ಮೇಲೂ ಒಂದು ಕೊಡ ನೀರು ಸುರಿದಳು.

ಬೆಳಗ್ಗೆ ತಳ್ಳದೆ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಯಮುನಾಗೆ ತಳ್ಳಲು ಆಗುತ್ತಿರಲಿಲ್ಲ. ಆದ್ದರಿಂದ ಅವಳಿಗೆ ಡ್ರೈವಿಂಗ್ ಕಲಿಸಿದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಲೈಸೆನ್ಸ್ ಮಾಡಿಸಿಕೊಂಡಳು. ಆಮೇಲೆ ಅಂಗಡಿಗಳಿಗೆ ಮೊಟ್ಟೆ ಹಾಕುವ ಕೆಲಸವೂ ಅವಳದ್ದೇ ಆಯಿತು. "ನಿನ್ನ ಕೈಯಲ್ಲಿ ಒಡೆಯೋದು ಕಡಿಮೆ" ಎಂದ. ಅವನು ಹೊಗಳಿದ್ದು ಅದೊಂದೇ ಸಲ.

ಗೇರ್‌ಬಾಕ್ಸ್ ಹೋದ ವಾರವೇ ಅವನೂ ಹೋದ. ಎದೆನೋವು. ಎರಡಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಯಮುನಾ ಕೇಳಿದ್ದಕ್ಕೆ ಹೇಳಿದ್ದು.

ಈಗ ಅವಳು ಕಾಫಿ ಹಿಡಿದು ಶೆಡ್ಡಿಗೆ ಹೋದಳು. ಮಾದಾಪುರದ ಮೆಕ್ಯಾನಿಕ್ ಕೂಸಪ್ಪನೂ ಅಲ್ಲಿದ್ದ.

"ಅಕ್ಕಾ, ನಿಂತಲ್ಲೇ ನಿಂತ್ರೆ ಇಲಿ ವೈರ್ ಕಡಿದುಹಾಕ್ತವೆ" ಎಂದ ಧರ್ಮೇಶ್.

"ನಮ್ಮನೆಯವ್ರೂ ಹೀಗೇ ಶುರು ಮಾಡ್ತಿದ್ದದ್ದು. ಏನು ಬೇಕು?"

"ಇಂಜಿನ್ನು."

"ನಿಂದಕ್ಕೆ ಏನಾಗಿದೆ?"

"ಸ್ವಲ್ಪ ಬಿಸಿ ಆಗ್ತದೆ, ಅಷ್ಟೇಯ."

"ಅಷ್ಟೇ ಆದ್ರೆ ನೀರು ಹಾಕು."

ಕೂಸಪ್ಪ ನಕ್ಕ. "ಇವನ ಇಂಜಿನ್ ಸತ್ತಿದೆ ಯಮುನಕ್ಕ. ಗೇರ್‌ಬಾಕ್ಸ್ ಗಟ್ಟಿ ಉಂಟು. ನಿಮ್ಮದು ಇಂಜಿನ್ ಗಟ್ಟಿ, ಗೇರ್‌ಬಾಕ್ಸ್ ಇಲ್ಲ. ಎರಡು ಸೇರಿಸಿದ್ರೆ ಒಂದು ಓಡ್ತದೆ. ಜಿಲ್ಲೇಲಿ ಬೇರೆ ಯಾವುದೂ ಉಳಿದಿಲ್ಲ."

"ಹಾಗಾದ್ರೆ ನಂದು ಓಡ್ಲಿ."

ಧರ್ಮೇಶನ ಲೋಟ ಬಾಯಿಯ ಹತ್ತಿರ ನಿಂತಿತು. ಯಜಮಾನ ಸತ್ತ ಮನೆಯಲ್ಲಿ ಕಾರೂ ಸತ್ತ ಹಾಗೆ ಎಂದು ಅವನು ತಿಳಿದಿದ್ದ.

"ಬೆಲೆ ಹೇಳಿ ಅಕ್ಕಾ. ನಂದು ನಮ್ಮಪ್ಪ ತಗೊಂಡಿದ್ದ ಕಾರು."

"ನನ್ನ ಗಂಡ ಓಡಿಸಿದ ಕಾರು ಇದು. ಅದು ಬಿಡು. ನಿಂಗೆ ಶುಂಠಿ ಸಾಗಿಸೋ ಪಿಕಪ್ ಉಂಟು, ಬೈಕ್ ಉಂಟು. ಇನ್ನೊಂದು ಕಾರು ತಗೊಳ್ಳೋಕೂ ಆಗ್ತದೆ. ನಂಗೆ ಇನ್ನೊಂದು ಕಲಿಯೋಕೆ ಆಗಲ್ಲ. ಕಲಿಸಿದವ್ರು ಹೋದ್ರು."

ಧರ್ಮೇಶ್ ಕಾಫಿ ಕುಡಿದು ಲೋಟ ಕೊಟ್ಟ. ಕುಶಾಲನಗರಕ್ಕೆ ಹೊರಟ.

ಯಮುನಾ ಮೊಟ್ಟೆಯ ಟ್ರೇ ಹೊತ್ತು ಬಸ್ಸಿಗೆ ಹೋಗತೊಡಗಿದಳು. ಕಂಡಕ್ಟರ್ ಮೊಟ್ಟೆಗೂ ಟಿಕೆಟ್ ಹರಿದ. ಒಂದು ತಿರುವಿನಲ್ಲಿ ಅರ್ಧ ಟ್ರೇ ಒಡೆಯಿತು. ಬಸ್ಸಿನವರೆಲ್ಲ ಅವಳನ್ನು ಬೈದರು. ಡ್ರೈವರನನ್ನು ಯಾರೂ ಬೈಯಲಿಲ್ಲ.

ಮರುತಿಂಗಳು ಧರ್ಮೇಶನ ಕಾರು ಪಿಕಪ್ಪಿನ ಹಿಂದೆ ಹಗ್ಗಕ್ಕೆ ಕಟ್ಟಿಸಿಕೊಂಡು ಅಂಗಳಕ್ಕೆ ಬಂತು.

"ಊಟ ಮಾಡಿದ ಮನೇಲಿ ಇಂಜಿನ್ ಕೇಳಿ ಬಂದ್ಯಾ ಅಂತ ಅವ್ವ ಬೈದ್ಳು" ಎಂದ. ಹಗ್ಗ ಬಿಚ್ಚಿ ಕಾರನ್ನು ಅಲ್ಲೇ ಬಿಟ್ಟ.

ಕೂಸಪ್ಪ ಗೇರ್‌ಬಾಕ್ಸ್ ಬದಲಿಸಿದ. ಧರ್ಮೇಶನ ಕಾರಿನ ಸ್ಟಾರ್ಟರನ್ನೂ ಇದಕ್ಕೇ ಹಾಕಿದ. "ಇನ್ನು ತಳ್ಳೋ ಕೆಲಸ ಇಲ್ಲ ಯಮುನಕ್ಕ" ಎಂದ. ಯಮುನಾ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದಳು.

ಕಾರು ತಯಾರಾದ ದಿನ ಧರ್ಮೇಶ್ ನೋಡಲು ಬಂದ. ಬಸ್ಸಿನಲ್ಲಿ ಬಂದಿದ್ದ.

"ಹತ್ತು. ಕುಶಾಲನಗರಕ್ಕೆ ಬಿಡ್ತೇನೆ" ಎಂದಳು. ಹಿಂದಿನ ಸೀಟಿನಲ್ಲಿ ಮೊಟ್ಟೆ, ಮುಂದೆ ಎಡಕ್ಕೆ ಧರ್ಮೇಶ್. ಪ್ರತಿ ತಿರುವಿನಲ್ಲೂ ಅವನು ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದ. ಏರಿನಲ್ಲಿ ಗೇರು ಕಿರುಚಿತು.

"ಅಕ್ಕಾ, ಎರಡನೇ ಗೇರಿಗೆ ಒತ್ತಬಾರ್ದು. ಮೆತ್ತಗೆ ತಳ್ಳಿದ್ರೆ ಅದೇ ಬೀಳ್ತದೆ."

"ಯಾರ ಗೇರು?"

"ನಿಮ್ದೇ ಅಕ್ಕಾ."

"ಮತ್ತೆ ಸುಮ್ನೆ ಕೂತ್ಕೋ."

ಮುಂದಿನ ಏರು ಬಂತು. ಯಮುನಾ ಗೇರಿನ ಮೇಲೆ ಕೈ ಇಟ್ಟು ಮೆತ್ತಗೆ ತಳ್ಳಿದಳು. ಬಿತ್ತು.