ಎಲ್ಲರದೂ ಒಂದೇ ತಾರೀಕು

ಹದಿನಾಲ್ಕು ವರ್ಷ ಕೋಡ್ ಬರೆದವನಿಗೆ ತಪ್ಪಿನ ವಾಸನೆ ಬೇಗ ಬಡಿಯುತ್ತದೆ. ರಾಯಬಾಗದ ಮನೆಯಲ್ಲೇ ಕೂತು ಕಬ್ಬು ಬೆಳೆಗಾರರಿಗೊಂದು ಆ್ಯಪ್ ಮಾಡಿದ್ದೆ. ನಾಟಿ ಮಾಡಿದ ದಿನವನ್ನು ರೈತರೇ ಅದರಲ್ಲಿ ತುಂಬಬೇಕು. ನೋಡಿದರೆ ನೂರಾರು ಜನರದು ಒಂದೇ ತಾರೀಕು! ಇದು ಹೇಗೆ ಸಾಧ್ಯ? ದೋಷ ನನ್ನ ಕೋಡಿನಲ್ಲೇ ಇರಬೇಕೆಂದು ಮೂರು ದಿನ ಒಂದೊಂದು ಸಾಲನ್ನೂ ಜಾಲಾಡಿದೆ. ಏನೂ ಸಿಗದೆ, ಸಿಟ್ಟಿನಿಂದ ಲ್ಯಾಪ್‌ಟಾಪ್ ಮುಚ್ಚಿದೆ. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಅವ್ವ ಏನಾಯಿತೆಂದು ಕೇಳಿದಳು. ತಾರೀಕು ಹೇಳಿದೆ.

“ಅವತ್ತ ಕಾಲುವೆಗೆ ನೀರ ಬಿಟ್ರಲ್ಲೋ. ನೀರ ಬಂದ ದಿನಾನ ಎಲ್ಲಾರೂ ಕಬ್ಬ ಹಚ್ಚತಾರ. ನಾವೂ ಅವತ್ತ ಹಚ್ಚೇವಿ.”

ಕುತೂಹಲ ತಡೆಯಲಾಗದೆ ಮತ್ತೆ ಲ್ಯಾಪ್‌ಟಾಪ್ ತೆರೆದು ನಮ್ಮ ಹೊಲ ಹುಡುಕಿದೆ. ಅದೇ ತಾರೀಕು. ತುಂಬಿದವನು ನಾನೇ.